ಚೀಲ ಬಿಚ್ಚದ ಕಣಗಿಲೆ

“ಇದು ಗಿಡದ ಬೇರಲ್ಲ ಅಂತೀರಾ ಮೇಡಂ?”

ಹಳ್ಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಗ್ಯಾಸ್ ಕಂಪನಿಯ ಸೂಪರ್‌ವೈಸರ್ ಕೇಳಿದ. ಮಾತು ಮೆತ್ತಗಿತ್ತು. ಕೈಯಲ್ಲಿದ್ದ ಟಾರ್ಚು ಮಾತ್ರ ಒಂದು ಕಡೆ ನಿಲ್ಲದೆ ಮಣ್ಣಿನ ಗೋಡೆಯ ಮೇಲೆ ಅಲೆಯುತ್ತಿತ್ತು.

ಸೊಂಟದವರೆಗೆ ಹಳ್ಳದೊಳಗಿದ್ದ ಸೂಜಿ ಮೇಡಂ ತಲೆಯೆತ್ತಲಿಲ್ಲ.

“ಬೇರು ಹೌದು ಕಣಪ್ಪ, ನನಗೇನು ಕಣ್ಣಿಲ್ವಾ? ಇದು ಇಷ್ಟು ಕೆಳಗೆ ಹೇಗೆ ಬಂತು ಅಂತ ನೋಡ್ತಿದೀನಿ.”

ಅವರ ಮುಂದೆ ನೆಲದಡಿಯ ಹಳದಿ ಕೊಳವೆ ಬೆನ್ನು ತೋರಿಸಿಕೊಂಡು ಮಲಗಿತ್ತು. ನಿದ್ದೆ ಹೋದ ಹಾವಿನಂತೆ ಒಂದು ಕಂದು ಬೇರು ಅದನ್ನು ಸುತ್ತಿಕೊಂಡಿತ್ತು.

ಕಳೆದ ವಾರ ಇದೇ ಕೊಳವೆಯಿಂದ ಸೋರಿದ ಗ್ಯಾಸು ಗೋಡೆಯಾಚೆಯ ಕೋಣೆಯಲ್ಲಿ ತುಂಬಿಕೊಂಡು, ಬೆಳಿಗ್ಗೆ ಎದ್ದು ಬಂದು ದೀಪದ ಸ್ವಿಚ್ಚು ಒತ್ತಿದ ಗಡಿಯಾರ ಮಾಮನನ್ನು ಕೊಂದಿತ್ತು. ಬೇಲಿಗೆಂದು ಕಣಗಿಲೆ ನೆಟ್ಟ ಮಾಲಿಯೇ ಅದಕ್ಕೆ ಹೊಣೆ ಎಂದು ಬೀದಿಗೆ ಬೀದಿಯೇ ತೀರ್ಮಾನಿಸಿಬಿಟ್ಟಿತ್ತು.

ಆ ಮಾಲಿ ಈಗ ರಸ್ತೆಯಲ್ಲಿ ಪೊಲೀಸ್ ಜೀಪಿಗೆ ಒರಗಿ ನಿಂತಿದ್ದ. ಬೇಡಿ ಇನ್ನೂ ಬಿದ್ದಿರಲಿಲ್ಲ. ಇನ್ಸ್‌ಪೆಕ್ಟರು ಹಿಂದೊಮ್ಮೆ ಸೂಜಿ ಮೇಡಂ ಕೈಕೆಳಗೆ ಕೆಲಸ ಕಲಿತವನು. ಅವರು ಪೊಲೀಸ್ ಕೆಲಸ ಬಿಟ್ಟು ಸ್ವಂತವಾಗಿ ಪತ್ತೇದಾರಿಕೆಗೆ ಇಳಿದ ಮೇಲೂ ಅವನ ಬಾಯಲ್ಲಿ ‘ಮೇಡಂ’ ಹೋಗಿರಲಿಲ್ಲ. “ಸಂಜೆಯೊಳಗೆ ಏನಾದ್ರೂ ತೋರಿಸಿ. ಆಮೇಲೆ ನನ್ನ ಕೈ ಕಟ್ಟಿರುತ್ತೆ,” ಎಂದಿದ್ದ.

ಹೊಲಿಗೆ ಎಲ್ಲಿ ಸಡಿಲವೋ ಅಲ್ಲೇ ಹೋಗಿ ಚುಚ್ಚುವುದರಿಂದ ಅವರಿಗೆ ಸೂಜಿ ಎಂಬ ಹೆಸರು. ಇವತ್ತು ಅವರನ್ನು ಕರೆಸಿದವಳು ಮಾಲಿಯ ಹೆಂಡತಿ. ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಿದ್ದಳು.

ಮೋಡ ಕವಿದ ಮಧ್ಯಾಹ್ನ. ಒಡೆದ ಕಿಟಕಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಉಸಿರಾಡುವಂತೆ ಒಳಗೆ ಹೊರಗೆ ಆಡುತ್ತಿತ್ತು. ಇಡೀ ಬೇಲಿಯಲ್ಲಿ ಒಂದು ಗುಬ್ಬಿಯ ಸದ್ದೂ ಇರಲಿಲ್ಲ.

“ಪೊದೆಗಿಡದ ಬೇರು ಸಾಮಾನ್ಯವಾಗಿ ಎಷ್ಟು ಆಳ ಹೋಗುತ್ತೆ?” ಸೂಜಿ ಮೇಡಂ ಕೇಳಿದರು.

“ಮೊಣಕಾಲುದ್ದ ಹೋದ್ರೆ ಹೆಚ್ಚು. ಆಮೇಲೆ ಅಗಲಕ್ಕೆ ಹರಡುತ್ತೆ,” ಸೂಪರ್‌ವೈಸರ್ ಒಪ್ಪಿಕೊಂಡ. “ಆದ್ರೆ ಮೇಡಂ, ಪೈಪು ಹಾಕೋಕೆ ಅಂತ ಒಂದ್ಸಲ ತೋಡಿದ ಮಣ್ಣಿದೆಯಲ್ಲ, ಅದನ್ನ ಎಷ್ಟು ತುಳಿದ್ರೂ ಸಡಿಲಾನೇ. ಬೇರಿಗೆ ಅದು ರಾಜಬೀದಿ ಇದ್ದ ಹಾಗೆ. ಸೀದಾ ಇಳಿದು ಬರುತ್ತೆ. ಅದಕ್ಕೇ ಲೈನ್ ಮೇಲೆ ಗಿಡ ನೆಡಬೇಡಿ ಅಂತ ನಾವು ಬಡ್ಕೊಳ್ಳೋದು. ಕೇಳೋರು ಯಾರು?”

ಮಾತಿನಲ್ಲಿ ಹುರುಳಿತ್ತು. ಸೂಜಿ ಮೇಡಂ ಅದನ್ನು ತಳ್ಳಿಹಾಕಲಿಲ್ಲ. ಕೈಗವಸು ಕಳಚಿ, ಬರಿಬೆರಳಿನಿಂದ ಬೇರನ್ನು ತಡವಿದರು.

ಅದು ಒಣಗಿತ್ತು.

ಅಷ್ಟೇ ಅಲ್ಲ. ಮಣ್ಣಿನಲ್ಲಿ ಬೆಳೆದ ಬೇರಿಗೆ ಕೂದಲಿನಂಥ ಎಳೆಗಳಿರುತ್ತವೆ. ಇದು ನುಣ್ಣಗೆ ಬೋಳಾಗಿತ್ತು. ವರ್ಷಗಟ್ಟಲೆ ಒತ್ತಿಕೊಂಡು ಬೆಳೆದಿದ್ದರೆ ಕೆಳಗಿನ ಮಣ್ಣಿನಲ್ಲಿ ಅದರ ಮೈಯ ಅಚ್ಚು ಬೀಳಬೇಕಿತ್ತು. ಮಣ್ಣು ಸಪಾಟಾಗಿತ್ತು. ಅಜ್ಜಿ ಹೇಳುವ ಕಥೆಗಳಲ್ಲಿ ಬೇರೆಯವರ ರೂಪ ಹೊತ್ತು ಅರಮನೆಗೆ ಬಂದ ರಾಕ್ಷಸಿ ಎಲ್ಲ ಸರಿಯಾಗಿ ನಟಿಸುತ್ತಾಳೆ, ನೆರಳು ಬೀಳದ್ದರಿಂದ ಸಿಕ್ಕಿಬೀಳುತ್ತಾಳೆ. ಈ ಬೇರಿಗೂ ನೆರಳಿರಲಿಲ್ಲ.

“ಮಾಲಿ,” ಸೂಜಿ ಮೇಡಂ ಕರೆದರು, “ಬಾ ಇಲ್ಲಿ. ಈ ಕಿಟಕಿ ಮುಂದಿನ ಗಿಡ ಕೀಳು.”

“ಯಾಕಮ್ಮಾ, ಹೂ ಬಿಡೋ ಹೊತ್ತು.”

“ನೀನು ಒಳಗೆ ಹೋಗೋ ಹೊತ್ತೂ ಹೌದು. ಕೀಳು.”

ಇನ್ಸ್‌ಪೆಕ್ಟರು ತಲೆಯಾಡಿಸಿದ ಮೇಲೆ ಮಾಲಿ ಬಂದ. ಮಂಡಿಯೂರಿ, ತೊಟ್ಟಿಲಿನಿಂದ ಮಗುವನ್ನು ಎತ್ತುವವನಂತೆ ಕಣಗಿಲೆಯ ಬುಡಕ್ಕೆ ಎರಡೂ ಕೈ ಹಾಕಿದ. ಜಗ್ಗಬೇಕಾಗಲೇ ಇಲ್ಲ. ಗಿಡ ಇಡಿಯಾಗಿ, ಹಗುರವಾಗಿ ಮೇಲೆ ಬಂತು.

ಬುಡದ ಸುತ್ತ ಕಪ್ಪು ಪ್ಲಾಸ್ಟಿಕ್ ಚೀಲ.

ನರ್ಸರಿಯಿಂದ ತಂದ ಚೀಲವನ್ನು ಬಿಚ್ಚದೆಯೇ ಯಾರೋ ಗಿಡವನ್ನು ನೆಲಕ್ಕಿಳಿಸಿದ್ದರು. ಸೂಜಿ ಮೇಡಂ ಚೀಲದ ಒಂದು ಬದಿ ಸೀಳಿದರು. ಒಳಗೆ ಬೇರುಗಳು ಹೊರದಾರಿ ಕಾಣದೆ ಗಾಣದ ಎತ್ತಿನಂತೆ ಸುತ್ತಿ ಸುತ್ತಿ, ಚೀಲದ ಆಕಾರವನ್ನೇ ತಳೆದು ಗಟ್ಟಿಯಾಗಿದ್ದವು. ಚೀಲದ ತಳದಲ್ಲಿ ಒಂದು ತೂತೂ ಇರಲಿಲ್ಲ.

ಪಕ್ಕದ ಗಿಡವೂ ಹಾಗೇ. ಅದರಾಚೆಯದೂ ಹಾಗೇ.

“ಇನ್ನು ಅತ್ತ ಗೇಟಿನ ಹತ್ರದ್ದೊಂದು ಕೀಳು.”

ಅದನ್ನು ಕೀಳಲು ಮಾಲಿಗೆ ಬೆವರು ಬಂತು. ಅದರ ಬುಡದಲ್ಲಿ ಚೀಲವಿರಲಿಲ್ಲ. ಬೇರುಗಳು ನೆಲದ ಮೇಲ್ಪದರದಲ್ಲೇ ನಾಲ್ಕೂ ಕಡೆ ಚಾಚಿಕೊಂಡಿದ್ದವು; ಮೊಣಕಾಲುದ್ದದ ಕೆಳಗೆ ಒಂದೂ ಇಳಿದಿರಲಿಲ್ಲ.

“ನಾನು ಚೀಲ ಹರಿದು, ಬೇರು ಬಿಡಿಸಿ ನೆಡೋನಮ್ಮ,” ಮಾಲಿ ಗೊಣಗಿದ. “ಮಗಳ ತಲೆ ಬಾಚ್ದಂಗೆ ಬಾಚ್ತೀರ ಅಂತ ಇವಳು ಆಡ್ಕೊಳ್ತಾಳೆ.”

ಗೇಟಿನ ಬಳಿ ಅವನ ಹೆಂಡತಿಯ ಮುಖದಲ್ಲಿ ಆ ದಿನ ಮೊದಲ ಸಲ ಒಂದು ನಗೆ ಮೂಡಿ ಮಾಯವಾಯಿತು.

ಸೂಜಿ ಮೇಡಂ ಹಳ್ಳದಿಂದ ಮೇಲೆ ಬಂದು ಸೂಪರ್‌ವೈಸರನ ಎದುರಿಗೇ ಮಣ್ಣಿನ ಮೇಲೆ ಕೂತರು.

“ಕಿಟಕಿ ಮುಂದಿನ ಗಿಡಗಳ ಬೇರು ಚೀಲ ಬಿಟ್ಟು ಆಚೆ ಬಂದಿಲ್ಲ. ಉಳಿದ ಗಿಡಗಳದ್ದು ಪೈಪಿನ ಹತ್ರಾನೂ ಸುಳಿದಿಲ್ಲ. ಹಾಗಾದ್ರೆ ಪೈಪಿಗೆ ಸುತ್ತಿರೋದು ಯಾರ ಮನೆ ಬೇರಪ್ಪಾ?”

“ಹಳೇ ಮರದ್ದಿರಬಹುದು.”

“ಇಲ್ಲಿ ಹಳೇ ಮರ ಇತ್ತಾ?”

ಅವನು ಟಾರ್ಚನ್ನು ಬೇರೆ ಕಡೆ ತಿರುಗಿಸಿದ.

“ತುದಿ ನೋಡು. ಓರೆಯಾಗಿ ಕುಯ್ದಿದಾರೆ. ಚಾಕು ಹರಿತವಾಗೇ ಇತ್ತು.” ಅವರ ಕಣ್ಣು ಅವನ ಸೊಂಟದ ಚರ್ಮದ ಪಟ್ಟಿಗೆ ಇಳಿಯಿತು. ಅಲ್ಲಿ ಕೊಳವೆ ಕತ್ತರಿಸುವ ಚಾಕು ತನ್ನ ಪಾಡಿಗೆ ತೂಗುತ್ತಿತ್ತು. “ಬ್ಲಾಸ್ಟ್ ಆದ ಮೇಲೆ ಈ ಹಳ್ಳಕ್ಕೆ ಮೊದಲು ಇಳಿದೋನು ನೀನು. ಒಬ್ಬನೇ ಇಳಿದಿದ್ದೆ.”

“ನಮ್ಮ ಕೆಲಸಾನೇ ಅದು.”

“ಪೈಪು ಮುಚ್ಚೋದು ನಿನ್ನ ಕೆಲಸ. ಅದಕ್ಕೆ ಬೇರಿನ ಹಾರ ಹಾಕೋದೂ ನಿನ್ನ ಕೆಲಸಾನಾ?”

ಇನ್ಸ್‌ಪೆಕ್ಟರು ಹತ್ತಿರ ಬಂದ. ಸೂಪರ್‌ವೈಸರ್ ಟಾರ್ಚನ್ನು ಆರಿಸಿದ, ಮತ್ತೆ ಹಚ್ಚಿದ, ಆರಿಸಿದ.

“ನನ್ನ ಮನೇಲಿ ವಯಸ್ಸಾದ ಅಮ್ಮ ಇದಾಳೆ ಸಾರ್,” ಎಂದ.

“ಇವನ ಮನೇಲೂ ಹೆಂಡತಿ ಇದಾಳೆ,” ಸೂಜಿ ಮೇಡಂ ಮಾಲಿಯತ್ತ ಕೈ ತೋರಿಸಿದರು. “ಅಲ್ಲಿ ನಿಂತಿದಾಳಲ್ಲ, ಅವಳು. ಬೇಕಾದ್ರೆ ಅವಳ ಮುಖ ನೋಡ್ಕೊಂಡು ಹೇಳು.”

ಅವನು ಆ ಕಡೆ ನೋಡಲಿಲ್ಲ. ಹಳ್ಳಕ್ಕಿಳಿದು, ಕೊಳವೆಗೆ ಸುತ್ತಿದ್ದ ಬೇರನ್ನು ನಿಧಾನವಾಗಿ ಬಿಚ್ಚಿದ. ಬಳೆ ಕಳಚಿದಷ್ಟು ಸಲೀಸಾಗಿ ಅದು ಕೈಗೆ ಬಂತು. ಅದು ಮುಚ್ಚಿದ್ದ ಜಾಗದಲ್ಲಿ, ಹಳದಿ ಮೈಯ ಮೇಲೆ, ಒಂದು ಚುಕ್ಕೆ. ಇರುವೆ ಕೂತಿದೆಯೇನೋ ಅನ್ನಿಸುವಂಥ ಚುಕ್ಕೆ.

“ತೂತು,” ಎಂದ. “ಈ ಲೈನ್ ಪರೀಕ್ಷೆ ಮಾಡಿ ಸರಿಯಿದೆ ಅಂದೋನು ನಾನೇ. ಇದನ್ನ ನೋಡಿದ್ರೆ ನಮ್ಮೋರು ಏನಂತಾರೆ? ಪೈಪೇ ಕೆಟ್ಟಿತ್ತು, ನೀನು ಕಣ್ಮುಚ್ಚಿ ಪಾಸ್ ಮಾಡಿದೆ ಅಂತಾರೆ. ಬೇರು ಸಿಕ್ಕಿಸಿದ್ರೆ ತಪ್ಪು ಗಿಡದ ಮೇಲೆ ಹೋಗುತ್ತೆ ಅಂದ್ಕೊಂಡೆ. ಗಿಡಕ್ಕೇನು, ಜೈಲೇ?”

“ಗಿಡದ ಹಿಂದೆ ಒಬ್ಬ ಮನುಷ್ಯ ಇರ್ತಾನೆ ಅಂತ ಹೊಳೀಲಿಲ್ವಾ?”

“ಹೊಳೀತು. ಆಗ ತಡ ಆಗಿತ್ತು.” ಅವನು ಬೇರನ್ನು ಹಳ್ಳದ ಅಂಚಿಗಿಟ್ಟ. “ಬೇರು ಸುತ್ತಿದ್ದು ನಾನು ಮೇಡಂ. ಆ ಚೀಲದ ಗಿಡ ನನಗೆ ಗೊತ್ತಿಲ್ಲ. ಇನ್ನೊಂದು ವಿಷಯ. ಕೆಟ್ಟ ಪೈಪು ಬಿರುಕು ಬಿಡುತ್ತೆ, ಸೀಳುತ್ತೆ. ಹೀಗೆ ಗುಂಡಗೆ ತೂತು ಬೀಳಲ್ಲ. ಇದನ್ನ ಕೊರೆದಿದಾರೆ. ಇಷ್ಟು ಸಣ್ಣದಾಗಿ ಕೊರೆಯೋ ಸಾಮಾನು ನಮ್ಮ ಕಂಪನೀಲೇ ಇಲ್ಲ.”

ಗೇಟಿನ ಕಂಬಕ್ಕೆ ಒರಗಿದ್ದ ಹೆಂಗಸು ಅಲ್ಲೇ ಕುಸಿದು ಕೂತಳು. ಹೆದರಿಕೆಯಿಂದಲ್ಲ, ಇಷ್ಟು ಹೊತ್ತು ನಿಲ್ಲಿಸಿದ್ದ ಯಾವುದೋ ದಾರ ಸಡಿಲಾದಂತೆ.

“ಹಾಗಾದ್ರೆ ನಮ್ಮೋರದ್ದೇನೂ ತಪ್ಪಿಲ್ಲ ಅಲ್ವಾ ಸಾರ್?” ಇನ್ಸ್‌ಪೆಕ್ಟರನ್ನು ಕೇಳಿದಳು.

“ಸದ್ಯಕ್ಕೆ ಇಲ್ಲ ಅಂತಾನೇ ಕಾಣುತ್ತಮ್ಮ.”

ಅಷ್ಟರಲ್ಲಿ ಮನೆಯ ಪಕ್ಕದ ಬಾಗಿಲು ತೆರೆದು ದೊಡ್ಡಣ್ಣನವರು ನೀರಿನ ಜಗ್ಗು ಹಿಡಿದು ಬಂದರು. ಗಡಿಯಾರ ಮಾಮನ ಒಡಹುಟ್ಟಿದ ಅಣ್ಣ. ಬೀದಿಗೆಲ್ಲ ಅವರು ದೊಡ್ಡಣ್ಣನೇ. ಮಾಲಿಯ ಮೇಲೆ ದೂರು ಕೊಟ್ಟವರು ಅವರು. ಹಾಗಂತ ಅವನಿಗೂ ಲೋಟ ನೀಡಲು ಮರೆಯಲಿಲ್ಲ.

“ಬಿಸಿಲಿಲ್ಲದಿದ್ರೂ ದಾಹ ಆಗುತ್ತೆ, ಕುಡೀರಿ,” ಎಂದರು. “ಸತ್ಯ ಏನಿದೆಯೋ ಹೊರಗೆ ಬರ್ಲಿ. ನನ್ನ ತಮ್ಮನಂತೂ ವಾಪಸ್ ಬರಲ್ಲ.” ಜಗ್ಗನ್ನು ಕಟ್ಟೆಯ ಮೇಲಿಟ್ಟು, ಕಿತ್ತು ಹಾಕಿದ್ದ ಕಣಗಿಲೆಗಳನ್ನು ಒಮ್ಮೆ ನೋಡಿ, ಬಂದಷ್ಟೇ ಮೆಲ್ಲಗೆ ಒಳಗೆ ಹೋದರು.

ಮಾಲಿಯ ಹೆಂಡತಿ ಗಟಗಟ ನೀರು ಕುಡಿದಳು.

ಸೂಜಿ ಮೇಡಂ ಕುಡಿಯಲಿಲ್ಲ. ಅವರಿಗೆ ಕಿಟಕಿಯ ಮುಂದಿನ ಗುಂಡಿಗಳ ಮೇಲೆಯೇ ಕಣ್ಣು. ಅಲ್ಲಿನ ಮಣ್ಣು ಬೂದಿಗಟ್ಟಿತ್ತು. ಕೈಯಲ್ಲಿ ಹಿಡಿದರೆ ಕೊಳೆತ ನಾತ. ಬೆರಳಾಡಿಸಿದಂತೆ ಒಂದೊಂದೇ ತುಣುಕು ಸಿಕ್ಕವು: ಕಪ್ಪಾದ ಬೇರಿನ ಚೂರುಗಳು. ಚೀಲದ ಗಿಡಕ್ಕಿಂತ ಮೊದಲು ಇಲ್ಲಿ ಬೇರೆ ಗಿಡಗಳಿದ್ದವು. ಅವು ಸತ್ತಿದ್ದವು.

“ಗ್ಯಾಸು ಸೋರಿದ್ರೆ ಮೇಲಿನ ಗಿಡಕ್ಕೆ ಏನಾಗುತ್ತೆ?” ಎಂದು ಸೂಪರ್‌ವೈಸರನನ್ನು ಕೇಳಿದರು.

“ಉಸಿರು ಕಟ್ಟುತ್ತೆ. ಬೇರಿಗೆ ಗಾಳಿ ಸಿಗದೆ ಎಲೆ ಹಳದಿ ಆಗುತ್ತೆ, ಒಣಗುತ್ತೆ. ನಾವು ಲೈನ್ ಮೇಲೆ ನಡೆಯುವಾಗ ನೋಡೋದೇ ಅದನ್ನ. ಸಾಲಿನ ಮಧ್ಯೆ ನಾಲ್ಕು ಗಿಡ ಒಣಗಿದ್ರೆ ಕೆಳಗೆ ಏನೋ ಇದೆ ಅಂತ ಲೆಕ್ಕ.”

“ವಾಸನೆ ಬರಲ್ವಾ?”

“ಯಾವಾಗ್ಲೂ ಬರಲ್ಲ ಮೇಡಂ. ಮಣ್ಣೊಳಗೆ ಹಾದು ಬಂದ್ರೆ ಎಷ್ಟೋ ಸಲ ಮಣ್ಣೇ ವಾಸನೇನ ಕುಡಿದುಬಿಡುತ್ತೆ. ಗಿಡ ಒಂದೇ ನಮಗೆ ಸಾಕ್ಷಿ.”

ಸೂಜಿ ಮೇಡಂ ಚೀಲವನ್ನು ಮಡಿಲಲ್ಲಿಟ್ಟುಕೊಂಡರು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿದ್ದಂತೆ ಇಡೀ ಕೇಸಿನ ಪ್ರಾಣ ಈ ಕೊಳಕು ಪ್ಲಾಸ್ಟಿಕ್ಕಿನೊಳಗಿದೆ ಅನ್ನಿಸಿತು. ಚೀಲದ ಬಾಯಿಯನ್ನು ಕಾಂಡದ ಸುತ್ತ ನೀಟಾಗಿ ಮಡಚಿ, ಕೂದಲಿನಷ್ಟು ತೆಳುವಾದ ಹಿತ್ತಾಳೆ ತಂತಿಯಿಂದ ಹೊಸೆದು ಬಿಗಿದಿದ್ದರು. ಹೊಸೆದ ಸುತ್ತುಗಳು ಒಂದರ ಪಕ್ಕ ಒಂದು ಮುತ್ತು ಪೋಣಿಸಿದಂತೆ. ಅವರು ಸದ್ದಿಲ್ಲದೆ ತಂತಿಯನ್ನು ಬಿಚ್ಚಿ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡರು.

“ಇದು ಗೊತ್ತಿಲ್ಲದೋರು ಅವಸರದಲ್ಲಿ ಮಾಡಿದ ಎಡವಟ್ಟು ಅಂದ್ಕೊಂಡಿದ್ದೆ,” ಎಂದು ಜೋರಾಗಿಯೇ ಯೋಚಿಸಿದರು. “ಅಲ್ಲ. ಕೆಳಗಿನ ಗ್ಯಾಸು ಬೇರಿಗೆ ತಾಕಬಾರದು, ಗಿಡ ಹಸಿರಾಗಿ ಕಾಣ್ತಾ ಇರ್ಬೇಕು, ಲೈನ್ ನೋಡೋಕೆ ಬಂದೋರಿಗೆ ಅನುಮಾನ ಬರಬಾರದು. ಅದಕ್ಕೇ ಚೀಲ ಬಿಟ್ಟಿದಾರೆ. ಗಿಡದ ಸ್ವಭಾವ ಚೆನ್ನಾಗಿ ಬಲ್ಲವರ ಕೈ ಇದು. ಈ ವಿದ್ಯೆ ಯಾರಿಗೆ ಗೊತ್ತು ಅಂತ ಸಿಕ್ಕಿದ್ರೆ…”

“ನಾನೇ ನೆಟ್ಟಿದ್ದು.”

ಮಾಲಿಯ ದನಿ. ಅವನ ಕೈಯಲ್ಲಿನ ಲೋಟ ಓರೆಯಾಗಿ ನೀರು ಚಪ್ಪಲಿಯ ಮೇಲೆ ಸುರಿಯುತ್ತಿತ್ತು. ಅವನಿಗೆ ಅದು ಗೊತ್ತಿದ್ದಂತಿರಲಿಲ್ಲ.

“ಏನಂದೆ?” ಇನ್ಸ್‌ಪೆಕ್ಟರು ಕೇಳಿದ.

“ಚೀಲದ ಗಿಡ ನೆಟ್ಟಿದ್ದು ನಾನೇ ಸಾರ್. ತೂತು ಕೊರೆದಿದ್ದೂ ನಾನೇ. ನಡೀರಿ ಹೋಗೋಣ.”

“ರೀ, ಏನು ಮಾತಾಡ್ತಿದೀರಿ?” ಹೆಂಡತಿ ಎದ್ದು ನಿಂತಳು.

“ನೀನು ಬಾಯಿ ಮುಚ್ಕೊಂಡಿರು. ಒಂದೇ ಒಂದು ಮಾತಾಡ್ಬೇಡ. ನನ್ನಾಣೆ.”

ಸೂಜಿ ಮೇಡಂ ಅವನ ಹತ್ತಿರ ಹೋದರು. ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: “ಚೀಲದ ಬಾಯಿ ಯಾವುದ್ರಲ್ಲಿ ಕಟ್ಟಿದ್ದೆ?”

ಮಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟ. “ಸೆಣಬಿನ ದಾರದಲ್ಲಿ.”

“ಎಲ್ಲಾ ಚೀಲಾನೂ?”

“ಎಲ್ಲಾನೂ.”

ಅವರ ಮುಷ್ಟಿಯೊಳಗೆ ಹಿತ್ತಾಳೆ ತಂತಿ ಅಂಗೈಯನ್ನು ಚುಚ್ಚಿತು.

“ಇವನು ಸುಳ್ಳು ಹೇಳ್ತಿದಾನೆ,” ಇನ್ಸ್‌ಪೆಕ್ಟರಿಗೆ ಪಿಸುಗುಟ್ಟಿದರು.

“ಇರಬಹುದು ಮೇಡಂ. ಇಷ್ಟು ಜನರ ಮುಂದೆ ಒಪ್ಕೊಂಡಿದಾನೆ. ಬಿಟ್ಟು ಹೋದ್ರೆ ನನ್ನ ಟೋಪಿ ಹೋಗುತ್ತೆ.” ಅವನು ಬೇಡಿ ತೆಗೆದ. ಸೂಪರ್‌ವೈಸರನಿಗೂ ಜೀಪು ಹತ್ತಲು ಸನ್ನೆ ಮಾಡಿದ. ಬೇಡಿಯ ಕೊಂಡಿ ಬಿದ್ದ ಸದ್ದು ಸಣ್ಣದು. ಆದರೂ ಬೀದಿಯ ಆ ತುದಿಯ ಕಿಟಕಿಗಳವರೆಗೂ ಕೇಳಿಸಿದಂತಾಗಿ ಒಂದೆರಡು ಪರದೆಗಳು ಸರಿದವು.

ಮಾಲಿಯ ಹೆಂಡತಿ ಜೀಪಿನ ಕಡೆ ಓಡಲು ಹೋದಳು. ಸೂಜಿ ಮೇಡಂ ಅವಳ ತೋಳು ಹಿಡಿದು ಬೇಲಿಯ ಮರೆಗೆ ಎಳೆದರು.

“ಯಾರನ್ನ ಕಾಪಾಡ್ತಿದಾನೆ ನಿನ್ನ ಗಂಡ?”

ಅವಳು ತಲೆಯಾಡಿಸಿದಳು. ಆಣೆ ಅವಳ ಬಾಯಿಗೆ ಹೊಲಿಗೆ ಹಾಕಿತ್ತು.

“ನೋಡು ತಾಯಿ, ಅವನ ಆಣೆ ಉಳಿಸ್ಕೊಂಡ್ರೆ ಅವನು ಉಳಿಯಲ್ಲ. ಯಾವುದು ಬೇಕೋ ನೀನೇ ಆರಿಸ್ಕೋ.”

ಜೀಪಿನ ಎಂಜಿನ್ನು ಒಮ್ಮೆ ಕೆಮ್ಮಿ ನಿಂತಿತು. ಡ್ರೈವರ್ ಮತ್ತೆ ಕೀಲಿ ತಿರುಗಿಸಿದ.

“ನನ್ನನ್ನ,” ಎಂದಳು. “ನಾನು ಮಾಡಿದೀನಿ ಅಂದ್ಕೊಂಡುಬಿಟ್ಟಿದಾರೆ ಅಮ್ಮ. ಚೀಲ ಬಿಡೋ ವಿದ್ಯೆ ನಮ್ಮ ಅಪ್ಪಂದು. ಉಪ್ಪು ನೆಲದಲ್ಲಿ ಮನೆ ಮಾರೋರು ಅಪ್ಪನ ನರ್ಸರಿಗೆ ಬರ್ತಿದ್ರು. ಮನೆ ನೋಡೋಕೆ ಜನ ಬಂದು ಹೋಗೋ ತನಕ ಗಿಡ ಹಸಿರಾಗಿದ್ರೆ ಸಾಕು ಅನ್ನೋರು. ತೂತಿಲ್ಲದ ಚೀಲದಲ್ಲಿ ಗಿಡ ಇಟ್ಟು, ಚೀಲದ ಸಮೇತ ಮಣ್ಣು ಮುಚ್ಚಿ ಕೊಡ್ತಿದ್ರು ಅಪ್ಪ. ಮದುವೆ ಆದ ಹೊಸದ್ರಲ್ಲಿ ಇದನ್ನ ಹೇಳ್ದಾಗ ಇವರು ಎಷ್ಟು ಬೈದ್ರು ಗೊತ್ತಾ? ಗಿಡಕ್ಕೆ ಮೋಸ ಮಾಡೋರು ಮನುಷ್ಯರಿಗೂ ಮಾಡ್ತಾರೆ ಅಂದ್ರು. ಆವತ್ತಿಂದ ಆ ಮಾತೇ ಎತ್ತಿಲ್ಲ. ಈ ಬೀದಿಗೆಲ್ಲ ಅದು ಗೊತ್ತಿದ್ದಿದ್ದು ನನಗೊಬ್ಬಳಿಗೇ ಅಂತ ಅವರ ಲೆಕ್ಕ.”

“ನಿನ್ನ ಲೆಕ್ಕ?”

ಅವಳು ಹಿಂದೆ ಮುಂದೆ ನೋಡಿದಳು.

“ಒಬ್ಬರಿಗೆ ಹೇಳ್ಕೊಟ್ಟಿದ್ದೆ. ಅವರೇ ಬಂದು ಕೇಳಿದ್ರು. ‘ಕಿಟಕಿ ಮುಂದೆ ಎಷ್ಟು ಸಲ ನೆಟ್ರೂ ಒಣಗ್ತಿದೆಯಮ್ಮ, ನಿನ್ನ ಗಂಡನಿಗೆ ಹೇಳಿದ್ರೆ ಬೇಜಾರು ಮಾಡ್ಕೊತಾನೆ, ನಾನೇ ಗುಟ್ಟಾಗಿ ನೆಡ್ತೀನಿ, ಏನಾದ್ರೂ ಉಪಾಯ ಇದ್ರೆ ಹೇಳು’ ಅಂದ್ರು. ಎಷ್ಟು ಒಳ್ಳೆಯೋರು ಅಂದ್ಕೊಂಡೆ.”

“ಯಾರು?”

“ಗಡಿಯಾರ ಮಾಮ.”

ಸೂಜಿ ಮೇಡಂ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಆ ತೆಳು ತಂತಿ, ಮುತ್ತಿನಂಥ ಆ ಸುತ್ತುಗಳು. ಆಯುಷ್ಯವಿಡೀ ಗಡಿಯಾರ ರಿಪೇರಿ ಮಾಡುತ್ತ ಇರುವೆಯಷ್ಟು ಚಕ್ರಗಳಿಗೆ ಇರುವೆಯಷ್ಟು ತೂತು ಕೊರೆದ ಬೆರಳುಗಳನ್ನು ಅವರು ಮನಸ್ಸಿನಲ್ಲೇ ಕಂಡರು.

“ಸತ್ತವರೇ?” ಎಂದು ತಮಗೆ ತಾವೇ ಕೇಳಿಕೊಂಡರು. “ತಮ್ಮ ಕೋಣೆಗೆ ತಾವೇ ಯಾಕೆ…”

“ಅದು ಅವರ ಕೋಣೆ ಅಲ್ಲಮ್ಮ,” ಮಾಲಿಯ ಹೆಂಡತಿ ಎಂದಳು. “ಮಾಮ ಇರ್ತಿದ್ದಿದ್ದು ಮಹಡಿ ಮೇಲೆ. ಕೆಳಗಿನ ಆ ಕೋಣೇಲಿ ದಿನಾ ಮಲಗ್ತಿದ್ದಿದ್ದು, ಬೆಳಿಗ್ಗೆ ಎದ್ದು ದೀಪ ಹಾಕ್ತಿದ್ದಿದ್ದು ದೊಡ್ಡಣ್ಣನವರು. ಆವತ್ತು ಒಂದು ದಿನ ಮಾತ್ರ ಅವರು ಅಲ್ಲಿ ಮಲಗಿರ್ಲಿಲ್ಲ, ಮಾಮಾನೇ ಕೆಳಗಿಳಿದು ಬಂದು…”

ಬೇಲಿಯ ಎಲೆಗಳು ಸರಿದ ಸದ್ದು.

ಅವರಿಬ್ಬರ ಹಿಂದೆ, ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸಿಕೊಂಡು, ದೊಡ್ಡಣ್ಣನವರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ಜೀಪು ಹೊರಟಿತು. ಹಿಂದಿನ ಸೀಟಿನಿಂದ ಮಾಲಿ ಹೆಂಡತಿಯನ್ನೇ ನೋಡುತ್ತಿದ್ದ. ಮಾತಾಡಬೇಡ ಎಂದು ತಲೆಯಾಡಿಸುತ್ತಲೇ ದೂರವಾಗುತ್ತಿದ್ದ.

ಸೂಜಿ ಮೇಡಂ ಅವಳ ಮಣಿಕಟ್ಟನ್ನು ಒತ್ತಿದರು: ಈಗ ಬೇಡ, ಇವರ ಮುಂದೆ ಬೇಡ. ಆದರೆ ಅವಳು ನೋಡುತ್ತಿದ್ದುದು ಜೀಪನ್ನು. ಗಂಡನ ಮೇಲೆ ದೂರು ಕೊಟ್ಟವರು ಇವರೇ, ಹಿಂತೆಗೆದುಕೊಳ್ಳಬಲ್ಲವರೂ ಇವರೇ. ಅವಳಿಗೆ ಬೇರೇನೂ ಕಾಣುತ್ತಿರಲಿಲ್ಲ.

“ದೊಡ್ಡಣ್ಣಾ, ಜೀಪು ನಿಲ್ಲಿಸಿ ಅಂತ ನೀವು ಒಂದು ಮಾತು ಹೇಳಿ,” ಅವಳು ಕೈ ಮುಗಿದಳು. “ನಮ್ಮೋರು ಏನೂ ಮಾಡಿಲ್ಲ. ಆ ಗಿಡ ನೆಟ್ಟಿದ್ದು ನಿಮ್ಮ ತಮ್ಮ. ನಿಮ್ಮ ಕಿಟಕಿ ಮುಂದೆ ನಿಮ್ಮ ತಮ್ಮಾನೇ ನೆಟ್ಟಿದ್ದು.”

ದೊಡ್ಡಣ್ಣನವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಲೋಟಗಳನ್ನು ಎಡಗೈಗೆ ಬದಲಾಯಿಸಿಕೊಂಡು, ಅವಳ ಸೆರಗಿಗೆ ಅಂಟಿದ್ದ ಒಂದು ಕಣಗಿಲೆ ಎಲೆಯನ್ನು ಮೆಲ್ಲಗೆ ತೆಗೆದುಹಾಕಿದರು.

“ಗೊತ್ತಮ್ಮ,” ಎಂದರು. “ನೆಡುವಾಗ ಪರದೆ ಹಿಂದೆ ನಿಂತು ನೋಡ್ತಿದ್ದೆ.”